ಮರಳುಗಲ್ಲಿನ ಮಡ್ಡಿ: ಮಣ್ಣೆಷ್ಟು, ನೀರೆಷ್ಟು?

ಕೇಳುಗರಿಗೆ ನಮಸ್ಕಾರ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಾಗಲಕೋಟೆ, ಬೆಳಗಾವಿ ಕಡೆಯವರು ಬಹಳ ಮಂದಿ. ಅವರಲ್ಲಿ ಹಲವರಿಗೆ ಬಾದಾಮಿ, ಗುಳೇದಗುಡ್ಡ, ಸವದತ್ತಿ, ಗೋಕಾಕದ ಸುತ್ತ ಹಿರಿಯರಿಂದ ಬಂದ ಎರಡು ಮೂರು ಎಕರೆ ಮಡ್ಡಿ ಇರುತ್ತದೆ. ಬಿತ್ತನೆಗೆ ಬಾರದ ಗುಡ್ಡದ ನೆಲ, ಕುರಿ ಆಡು ಮೇಯುವ ಜಾಗ. ರಜೆಗೆ ಊರಿಗೆ ಹೋದಾಗ ಅಲ್ಲಿ ನಾಲ್ಕು ಗಿಡ ಹಚ್ಚೋಣ, ಹುಲ್ಲು ಬೆಳೆಸೋಣ ಅನ್ನಿಸುತ್ತದೆ. ಒಳ್ಳೆಯ ಆಸೆ. ಆದರೆ ಪುಣೆಯ ವೇತಾಳ ಟೇಕಡಿಯ ಮೇಲೋ ಸಿಂಹಗಡದ ದಾರಿಯಲ್ಲೋ ಕಂಡ ಕೆಲಸವನ್ನೇ ಅಲ್ಲೂ ಮಾಡಿದರೆ ಎರಡನೆಯ ಬೇಸಿಗೆಗೆ ಗಿಡ ಒಣಗುತ್ತದೆ. ಎರಡೂ ಗುಡ್ಡಗಳೇ, ಆದರೆ ಕಲ್ಲು ಬೇರೆ, ಆದ್ದರಿಂದ ಮಣ್ಣೂ ಬೇರೆ.

ಪುಣೆಯ ಗುಡ್ಡಗಳದ್ದು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾದದ್ದು. ಅದರ ಖನಿಜಗಳಲ್ಲಿ ಸುಣ್ಣ, ಮೆಗ್ನೀಷಿಯಂ, ಕಬ್ಬಿಣ ತುಂಬಿವೆ. ಅವು ಬೇಗ ಕರಗಿ ಜೇಡಿಯಾಗುತ್ತವೆ. ಮೇಲ್ಮಣ್ಣಿನ ಕೆಳಗೆ ಅರ್ಧ ಕೊಳೆತ ಕಲ್ಲಿನ ಮುರುಮ ಸಿಗುತ್ತದೆ. ಅದರೊಳಗೆ ಗುದ್ದಲಿಯೂ ಇಳಿಯುತ್ತದೆ, ಬೇರೂ ಇಳಿಯುತ್ತದೆ.

ಬಾದಾಮಿಯ ಕಲ್ಲು ಮರಳುಗಲ್ಲು. ಕಲಾದಗಿ ಶಿಲಾಸಮೂಹದ್ದು, ಬಸಾಲ್ಟಿಗಿಂತ ಬಹಳ ಬಹಳ ಹಳೆಯದು. ಇದೇ ಕಲ್ಲಿನಲ್ಲಿ ಚಾಲುಕ್ಯರು ಗುಹಾಲಯ ಕೊರೆಸಿದರು. ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. 578. ಅಷ್ಟು ಶತಮಾನ ಕೆತ್ತನೆ ಉಳಿದದ್ದಕ್ಕೂ ಆ ಗುಡ್ಡದ ಮೇಲೆ ಮಣ್ಣು ತೆಳುವಾಗಿರುವುದಕ್ಕೂ ಒಂದೇ ಕಾರಣ. ಮರಳುಗಲ್ಲಿನ ಬಹುಪಾಲು ಕ್ವಾರ್ಟ್ಸ್, ಅಂದರೆ ಸಿಲಿಕಾ. ಮಳೆನೀರಿಗೆ ಅದು ಸುಲಭವಾಗಿ ಕರಗುವುದಿಲ್ಲ. ಕಣಗಳನ್ನು ಹಿಡಿದಿರುವ ಗಾರೆ ಮಾತ್ರ ಮೆಲ್ಲಗೆ ಸಡಿಲವಾಗಿ ಕಣ ಉದುರುತ್ತದೆ, ಉದುರಿದ ಮೇಲೂ ಅದು ಉಸುಕಾಗಿಯೇ ಉಳಿಯುತ್ತದೆ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಕೆಂಪು ಕಂಡಾಕ್ಷಣ ಫಲವತ್ತಾದ ಮಸಾರಿ ಎಂದು ತಿಳಿಯಬೇಡಿ, ತೆಳ್ಳನೆಯ ಒಂದು ಲೇಪವೇ ಇಡೀ ಉಸುಕನ್ನು ಕೆಂಪಾಗಿ ಕಾಣಿಸುತ್ತದೆ.

ಗಾರೆ ಯಾವುದು ಎಂಬುದರ ಮೇಲೆ ಮಣ್ಣಿನ ಗುಣ ನಿಂತಿದೆ. ಸಿಲಿಕಾ ಗಾರೆಯ ಕಲ್ಲು ಎಲ್ಲಕ್ಕಿಂತ ಗಟ್ಟಿ, ಅದರ ಮಣ್ಣು ಎಲ್ಲಕ್ಕಿಂತ ಬಡವು. ಸುಣ್ಣದ ಗಾರೆಯಾದರೆ ಹೊಸದಾಗಿ ಒಡೆದ ಮೈಮೇಲೆ ತೆಳು ಆಮ್ಲದ ಹನಿ ಬಿದ್ದಾಗ ಗುಳ್ಳೆ ಏಳುತ್ತದೆ. ನಡುನಡುವೆ ಜೇಡಿಗಲ್ಲಿನ ಪದರವಿದ್ದರೆ ಅಲ್ಲಿ ಮಣ್ಣು ಜಿಗುಟು, ಹುಲ್ಲು ಹಸಿರು, ಮಳೆಗಾಲದ ನಂತರವೂ ಕೆಲವು ವಾರ ಒರತೆ. ದೂರದಿಂದ ನೋಡಿದರೆ ಗುಡ್ಡದ ಹೊಟ್ಟೆಗೆ ಹಸಿರು ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ. ಗಿಡ ಹಚ್ಚುವುದಾದರೆ ಮೊದಲು ಆ ಪಟ್ಟಿಯನ್ನು ಹುಡುಕಿ.

ಪದರ ಮಲಗಿದೆಯೋ ನಿಂತಿದೆಯೋ ಎಂಬುದನ್ನೂ ನೋಡಬೇಕು. ಬಾದಾಮಿಯ ಮರಳುಗಲ್ಲು ಹೆಚ್ಚುಕಡಿಮೆ ಅಡ್ಡ ಮಲಗಿದೆ. ಹಾಗಾಗಿ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿದೆ: ಕಡಿದಾದ ಗೋಡೆ, ಅದರ ಕೆಳಗೆ ಸ್ವಲ್ಪ ಮಣ್ಣು ಹಿಡಿದ ಹಾಸು, ಮತ್ತೆ ಗೋಡೆ. ಬೇರಿಗೆ ದಾರಿ ಎಂದರೆ ಕಲ್ಲಿನ ಉದ್ದ ಸೀಳುಗಳು ಮಾತ್ರ. ಬಾಗಲಕೋಟೆ ಸುತ್ತಿನ ಇನ್ನೂ ಹಳೆಯ ಗಟ್ಟಿಕಲ್ಲು ಹಲವೆಡೆ ಮಡಿಚಿ ಓರೆಯಾಗಿದೆ. ಅಲ್ಲಿ ಪದರಗಳ ಸಂದಿಯಲ್ಲಿ ನೀರೂ ಬೇರೂ ಕೆಳಗಿಳಿಯುತ್ತವೆ. ಎರಡು ಕಡೆಯೂ ಮೇಲ್ಮಣ್ಣು ಒಂದೇ ತೆರನಾಗಿ ಕಂಡರೂ ಮರದ ಗತಿ ಬೇರೆಯಾಗುತ್ತದೆ.

ಈಗ ಮಣ್ಣನ್ನು ಅಳೆಯುವ ಕೆಲಸ. ನೆತ್ತಿ, ನಡು, ಬುಡ, ಮೂರು ಕಡೆ ಗುಂಡಿ ತೆಗೆಯಿರಿ. 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಆಳ ಹಾರೆ ಠಣ್ ಎನ್ನುವವರೆಗೆ. ಒಮ್ಮೆ ಠಣ್ ಎಂದರೆ ಸಾಲದು, ಬಿಡಿಗಲ್ಲೂ ಇದ್ದೀತು. ಒಂದು ಗೇಣು ಆಚೀಚೆ ಕುಟ್ಟಿ ನೋಡಿ, ಎಲ್ಲ ಕಡೆ ಅದೇ ಸದ್ದು ಬಂದರೆ ಬಂಡೆ. ಮಣ್ಣು ಸರ್ವೇಕ್ಷಣೆಯ ವರ್ಗೀಕರಣದಲ್ಲಿ 50 ಸೆಂಟಿಮೀಟರಿನೊಳಗೆ ಗಟ್ಟಿ ಬಂಡೆ ಸಿಗುವ ಮಣ್ಣಿಗೆ ಲಿಥಿಕ್ ಎಂಬ ಬೇರೆ ಹೆಸರೇ ಇದೆ. ಮರಳುಗಲ್ಲಿನ ಇಳಿಜಾರಿನಲ್ಲಿ 30 ಸೆಂಟಿಮೀಟರ್ ಸಿಕ್ಕರೂ ಸಮಾಧಾನಪಡಬೇಕು.

ಗುಂಡಿಯಿಂದ ತೆಗೆದದ್ದನ್ನೆಲ್ಲ ತಾಡಪತ್ರಿಯ ಮೇಲೆ ಹಾಕಿ 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿ. ಜರಡಿಯ ಮೇಲೆ ನಿಂತದ್ದು ಕಲ್ಲು, ಕೆಳಗೆ ಬಿದ್ದದ್ದು ಮಣ್ಣು. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಲೀಟರ್ ಲೆಕ್ಕದಲ್ಲಿ ಅಂಚಿನವರೆಗೆ ನೀರು ತುಂಬಿ. 25 ಲೀಟರ್ ಹಿಡಿಯಿತು ಅನ್ನೋಣ. ಕಲ್ಲುಗಳನ್ನು 15 ಲೀಟರಿನ ಬಕೆಟಿಗೆ ಹಾಕಿ ಮೇಲೆ ನೀರು ಸುರಿಯಿರಿ. ತುಂಬಲು 9 ಲೀಟರ್ ಸಾಕಾದರೆ ಕಲ್ಲಿನ ಗಾತ್ರ 6 ಲೀಟರ್. ಹೀಗೆ ಎಲ್ಲ ಕಲ್ಲನ್ನೂ ಅಳೆದು ಒಟ್ಟು 10 ಲೀಟರ್ ಬಂದರೆ ನಿಮ್ಮ ಮಡ್ಡಿಯಲ್ಲಿ ಗಾತ್ರದ ಲೆಕ್ಕಕ್ಕೆ ನೂರಕ್ಕೆ 40 ಪಾಲು ಕಲ್ಲು. 35 ದಾಟಿದರೆ ಆ ಮಣ್ಣನ್ನು ಕಲ್ಲುಗೂಡಿನ ಮಣ್ಣೆಂದೇ ಎಣಿಸುತ್ತಾರೆ. ತೂಕದಲ್ಲಿ ಅಳೆಯಬೇಡಿ, ಕಲ್ಲು ಮಣ್ಣಿಗಿಂತ ಭಾರವಾದ್ದರಿಂದ ಲೆಕ್ಕ ತಪ್ಪುತ್ತದೆ.

ಸೋಸಿದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡು ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿಯಾಗಿ ಒತ್ತಿ. ಉಂಡೆಯೇ ಕಟ್ಟದಿದ್ದರೆ ಬರೀ ಉಸುಕು. ಉಂಡೆ ಕಟ್ಟಿ, ಪಟ್ಟಿ ಎರಡೂವರೆ ಸೆಂಟಿಮೀಟರಿಗೆ ಮೊದಲೇ ಮುರಿದರೆ, ಉಜ್ಜಿದಾಗ ಗರಗರ ಎಂದರೆ ಉಸುಕು ಮಿಶ್ರಿತ ಗೋಡು, ಅಂದರೆ ಹೆಚ್ಚು ಉಸುಕಿಗೆ ಸ್ವಲ್ಪ ಜೇಡಿ ಬೆರೆತ ಮಣ್ಣು. ಈ ಗುಡ್ಡಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇವೆರಡೇ.

ಇಷ್ಟು ತಿಳಿದರೆ ನೀರಿನ ಲೆಕ್ಕ ಹಾಕಬಹುದು. ಉಸುಕು ಮಿಶ್ರಿತ ಗೋಡು 10 ಸೆಂಟಿಮೀಟರ್ ಆಳಕ್ಕೆ ಸುಮಾರು 12 ಮಿಲಿಮೀಟರ್ ನೀರನ್ನು ಬೇರಿಗೆ ಸಿಗುವಂತೆ ಹಿಡಿದಿಡುತ್ತದೆ. ಆಳ 30, ಅದರಲ್ಲಿ ಕಲ್ಲಿನ ಪಾಲು ಕಳೆದರೆ ಉಳಿದದ್ದು 18 ಸೆಂಟಿಮೀಟರ್ ಮಣ್ಣು. ನೀರು 22 ಮಿಲಿಮೀಟರ್. ಹಸಿರಾದ ಹುಲ್ಲು ದಿನಕ್ಕೆ 4 ಮಿಲಿಮೀಟರ್ ಹೀರಿದರೆ ಐದಾರು ದಿನಕ್ಕೆ ಖಾಲಿ. ಒಂದು ಮೀಟರ್ ಆಳದ ಎರೆ ಭೂಮಿ 180 ಮಿಲಿಮೀಟರ್ ಹಿಡಿಯುತ್ತದೆ, ಅಂದರೆ ಅದೇ ಹುಲ್ಲಿಗೆ ಒಂದೂವರೆ ತಿಂಗಳು. ಮಡ್ಡಿಯ ಹುಲ್ಲು ಮಳೆ ಬಿಟ್ಟ ವಾರಕ್ಕೇ ಬಾಡುವುದು ಗೊಬ್ಬರ ಕಡಿಮೆಯಾಗಿ ಅಲ್ಲ. ಕೊಡ ಚಿಕ್ಕದು. 50 ಮಿಲಿಮೀಟರ್ ಮಳೆ ಒಮ್ಮೆಲೇ ಸುರಿದರೂ ಆ ಕೊಡಕ್ಕೆ ತುಂಬುವುದು 22 ಮಾತ್ರ. ಉಳಿದದ್ದು ಮಣ್ಣಿಗೂ ಬಂಡೆಗೂ ನಡುವೆ ಜಾರಿ ಗುಡ್ಡದ ಬುಡ ಸೇರುತ್ತದೆ. ಅದಕ್ಕೇ ಬುಡದಲ್ಲಿ ಮಣ್ಣು ಆಳ, ಮರ ದೊಡ್ಡದು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಕಲ್ಲು ಆರಿಸುವುದು. ನೆಲ ಚೊಕ್ಕಟವಾಗಲಿ ಎಂದು ಮೇಲಿನ ಹರಳು, ಚಪ್ಪಡಿ ಎಲ್ಲ ಒಟ್ಟಿ ಅಂಚಿಗೆ ಹಾಕುತ್ತಾರೆ. ಮೇಲೆ ಬಿಡಿಯಾಗಿ ಕುಳಿತ ಕಲ್ಲು ಮಣ್ಣಿನ ಹೊದಿಕೆ. ಮಳೆಹನಿಯ ಪೆಟ್ಟನ್ನು ಅದು ತಾನು ತಿನ್ನುತ್ತದೆ, ಅಡಿಯ ತೇವ ಆರಗೊಡುವುದಿಲ್ಲ, ತನ್ನ ಮೇಲೆ ಬಿದ್ದ ನೀರನ್ನು ಪಕ್ಕದ ಬೊಗಸೆ ಮಣ್ಣಿಗೆ ಇಳಿಸುತ್ತದೆ. ಹುಲ್ಲಿನ ಬುಡ ಹೆಚ್ಚಾಗಿ ಕಲ್ಲಿನ ಅಂಚಿಗೇ ಇರುವುದನ್ನು ನೀವೇ ನೋಡಬಹುದು. ಕಲ್ಲು ತೆಗೆದ ಜಾಗದಲ್ಲಿ ಮಳೆಗೆ ನುಣುಪು ಕಣ ಮೇಲೆದ್ದು, ಒಣಗಿ ತೆಳು ಹೆಕ್ಕಳೆಯಾಗುತ್ತದೆ. ಮುಂದಿನ ಮಳೆ ಅದರ ಮೇಲೆ ಹರಿದುಹೋಗುತ್ತದೆ, ಎರಡು ಮೂರು ವರ್ಷದಲ್ಲಿ ಸಣ್ಣ ಕೊರಕಲು ಬೀಳುತ್ತವೆ.

ಇನ್ನೊಂದು ತಪ್ಪು ಉದ್ದ ಕಂದಕ. ಪುಣೆ ಭಾಗದ ಮುರುಮದ ಗುಡ್ಡಗಳಲ್ಲಿ 60 ಸೆಂಟಿಮೀಟರ್ ಅಗಲ, 30ರಿಂದ 45 ಆಳದ ಸಮಪಾತಳಿ ಕಂದಕ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೋಡಿದ ಕಂದಕ, ಚೆನ್ನಾಗಿ ಕೆಲಸ ಮಾಡುತ್ತದೆ. ಮರಳುಗಲ್ಲಿನ ಮೇಲೆ 20ಕ್ಕೇ ಬಂಡೆ ಬಂದು, ಇದ್ದ ಮೇಲ್ಮಣ್ಣೆಲ್ಲ ಸಡಿಲ ದಿಬ್ಬವಾಗಿ ಮೊದಲ ಜೋರು ಮಳೆಗೆ ಹೊರಟುಹೋಗುತ್ತದೆ. ಅಲ್ಲಿಗೆ ಕಲ್ಲಿನ ಒಡ್ಡು ಸರಿ. ನೀರಿನ ನಳಿಕೆಯಿಂದ ಮಟ್ಟ ಹಿಡಿದು, ಮೊಳಕಾಲುದ್ದ ಎತ್ತರಕ್ಕೆ, ದೊಡ್ಡ ಕಲ್ಲು ಕೆಳಬದಿಗೆ, ಸಣ್ಣ ಹರಳು ಮೇಲ್ಬದಿಗೆ. ಸಿಮೆಂಟ್ ಬೇಡ, ನೀರು ಸೋಸಿಹೋಗಬೇಕು, ಮಣ್ಣು ನಿಲ್ಲಬೇಕು. ಒಡ್ಡಿಗೆ ಬೇಕಾದ ಕಲ್ಲನ್ನು ಬಂಡೆ ಉದುರಿದ ಗೋಡೆಯ ಬುಡದಿಂದ ತನ್ನಿ, ಹುಲ್ಲಿನ ನಡುವಿನಿಂದ ಬೇಡ.

ಮಣ್ಣು ಪರೀಕ್ಷೆಯ ಚೀಟಿ ಓದುವಾಗಲೂ ಎಚ್ಚರ ಬೇಕು. ಪ್ರಯೋಗಾಲಯದವರು 2 ಮಿಲಿಮೀಟರಿಗಿಂತ ದಪ್ಪದ್ದನ್ನು ಎಸೆದು ಉಳಿದದ್ದನ್ನು ಪರೀಕ್ಷಿಸುತ್ತಾರೆ. ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುವಾಗ 15 ಸೆಂಟಿಮೀಟರ್ ಪದರದಲ್ಲಿ 22 ಲಕ್ಷ ಕಿಲೋ ಆಸುಪಾಸು ಮಣ್ಣಿದೆ ಎಂದು ಹಿಡಿಯುವುದು ರೂಢಿ. ನಿಮ್ಮಲ್ಲಿ 40 ಪಾಲು ಕಲ್ಲಿದ್ದರೆ ಚೀಟಿಯ ಕಿಲೋ ಅಂಕಿಯನ್ನು 0.6ರಿಂದ ಗುಣಿಸಿ. ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆ ಬಂದರೆ ಅದು ನಿಜಕ್ಕೂ ಕಡಿಮೆ. ಜೇಡಿಯಿಲ್ಲದ ಉಸುಕಿನಲ್ಲಿ ಪೋಷಕಾಂಶ ಹಿಡಿದಿಡುವ ಕೈ ಎಂದರೆ ಕೊಳೆತ ಎಲೆ, ಬೇರು, ಹಿಕ್ಕೆ ಮಾತ್ರ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಇಟ್ಟರೆ ಆ ಕೈಯನ್ನೇ ಸುಟ್ಟ ಹಾಗೆ. ಯೂರಿಯಾ ಎರಚುವುದೂ ವ್ಯರ್ಥ, ಒಂದು ಮಳೆಗೆ ಕೆಳಗಿಳಿದುಬಿಡುತ್ತದೆ. ಬದಲಿಗೆ ಸ್ಟೈಲೋ ಹಮಾಟಾ ಎಂಬ ದ್ವಿದಳ ಮೇವು ಬಿತ್ತಿ. ಅದು ಗಾಳಿಯ ಸಾರಜನಕವನ್ನು ತಾನೇ ಹಿಡಿಯುತ್ತದೆ. ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು ಆರಿಸಿ, ಮೊದಲ ಮಳೆಯ ನಂತರ ಎರಚಿ. ಒಂದು ಸೆಂಟಿಮೀಟರಿಗಿಂತ ಆಳ ಬೇಡ. ಮೊದಲ ವರ್ಷ ಬೀಜ ಉದುರುವವರೆಗೆ ಕುರಿ ಬಿಡಬೇಡಿ. ನಂತರವೂ ಹುಲ್ಲು ಅರ್ಧ ಉಳಿದಿರುವಾಗಲೇ ಮಂದೆ ಹೊರಡಿಸಿ.

ಮರಕ್ಕೆ ಕಮರ, ಬಾರಿ, ಬೇವು ನೋಡಿ. ನೆಡುವ ಜಾಗಕ್ಕೆ ಒಂದು ಪರೀಕ್ಷೆ ಇದೆ. ಗುಂಡಿಗೆ ಎರಡು ಕೊಡ ನೀರು ಸುರಿದು ಮರುದಿನ ಅದೇ ಹೊತ್ತಿಗೆ ನೋಡಿ. ನೀರು ಇನ್ನೂ ನಿಂತಿದ್ದರೆ ಕೆಳಗೆ ಸೀಳಿಲ್ಲದ ಬಂಡೆ ಇದೆ. ಅಲ್ಲಿ ಸಸಿ ಆಗಸ್ಟಿನಲ್ಲಿ ಕೊಳೆಯುತ್ತದೆ, ಕೊಳೆಯದೆ ಉಳಿದರೆ ಮಾರ್ಚಿನಲ್ಲಿ ಒಣಗುತ್ತದೆ. ನೀರು ಇಂಗಿದ್ದರೆ ಬೇರಿಗೆ ದಾರಿ ಇದೆ.

ಈ ಅಳತೆಯನ್ನೆಲ್ಲ ಮೇ ತಿಂಗಳ ರಜೆಯಲ್ಲೇ, ಮಳೆಗೆ ಮುಂಚೆ ಮುಗಿಸಿ. ಪರೀಕ್ಷೆಗೆ ತೆಗೆದ ಗುಂಡಿಗಳನ್ನು ಹಾಗೇ ಬಿಟ್ಟು ಪುಣೆ ಬಸ್ ಹತ್ತಬೇಡಿ; ಕೆಳಗಿನ ಮಣ್ಣು ಕೆಳಗೆ, ಮೇಲಿನದು ಮೇಲೆ ತುಂಬಿ, ಆರಿಸಿದ ಕಲ್ಲನ್ನು ಮತ್ತೆ ಅದರ ಮೇಲೆ ಹರಡಿ. ನಮಸ್ಕಾರ.