ಹುರಿಗೊಂಡ ವೈರು

ಮೈಕ್ ಸೆಟ್ಟಿನ ಬಾಂಧವರೇ, ಸಿದ್ಧೇಶ್ವರ ಜಾತ್ರೆ ಹತ್ತಿರ ಬಂತು. ಸಂಕ್ರಾಂತಿಗೆ ವಿಜಯಪುರದ ಬೀದಿ ತುಂಬ ನಿಮ್ಮ ವೈರು, ಮಗ್ಗುಲಲ್ಲೇ ಸೀರಿಯಲ್ ಲೈಟಿನ ವೈರು. ಅದಕ್ಕೇ ಇವತ್ತು ವೈರಿನ ಮಾತನ್ನೇ ತಂದಿದ್ದೇನೆ.

ಒಮ್ಮೆ ಹಿಂದೂಸ್ತಾನಿ ಗಾಯನಕ್ಕೆ ಮೈಕ್ ಇಟ್ಟಿದ್ದೆ. ತಂಬೂರಿ ಶ್ರುತಿಯಾಯಿತು. ಹಾಡುವ ತಾಯಿ ಕಣ್ಣು ಮುಚ್ಚಿದವರು ಮತ್ತೆ ತೆರೆದು, "ತಮ್ಮಾ, ಇದ್ಯಾವ ಷಡ್ಜಾನೋ? ನಂದಲ್ಲ" ಅಂದರು. ಸ್ಪೀಕರಿನಲ್ಲಿ ಗುಂಯ್ ಅನ್ನುತ್ತಿತ್ತು. ಅದು ಕರೆಂಟಿನ ಗುಂಯ್. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ತೂಗುತ್ತದೆ. ಅದರ ಇಮ್ಮಡಿ 100 ಹರ್ಟ್ಸ್, ಹೆಣ್ಣುದನಿಯ ತಂಬೂರಿಯ ಖರ್ಜದ, ಅಂದರೆ ಕೆಳಗಿನ ಸಾ ತಂತಿಯ, ಹತ್ತಿರವೇ ಬರುತ್ತದೆ. ಹತ್ತಿರ ಅಷ್ಟೇ, ಸರಿ ಕೂಡುವುದಿಲ್ಲ. ಹಾಡುವವರಿಗೆ ಇದಕ್ಕಿಂತ ಹಿಂಸೆ ಬೇರೆಯಿಲ್ಲ.

ಹುಡುಕಿದರೆ, ಕಡಿದ ಮೈಕ್ ಕೇಬಲ್ಲಿನ ಬದಲು ನಮ್ಮ ಹುಡುಗ ಎರಡೆಳೆಯ ಚಪ್ಪಟೆ ವೈರು ಎಳೆದಿದ್ದ. 20 ಮೀಟರ್, ಲೈಟಿನ ವೈರಿಗೆ ಅಂಟಿಕೊಂಡೇ. ಬೇರೆ ಕೇಬಲ್ ಇರಲಿಲ್ಲ. ಎಳೆ ಬಿಡಿಸಿ, ಒಂದು ತುದಿ ಕಿಟಕಿ ಸರಳಿಗೆ ಕಟ್ಟಿದೆ, ಇನ್ನೊಂದನ್ನು ಡ್ರಿಲ್ ಮಷೀನಿನ ಬಾಯಿಗೆ ಕಚ್ಚಿಸಿ ನಿಧಾನ ತಿರುಗಿಸಿದೆ. ಹಗ್ಗ ಹೊಸೆದ ಹಾಗೆ ವೈರು ಹುರಿಗೊಳ್ಳುತ್ತ ಗಿಡ್ಡಾಗುತ್ತಿತ್ತು, ನಾನು ಹೆಜ್ಜೆ ಹೆಜ್ಜೆ ಮುಂದೆ ಸರಿಯುತ್ತಿದ್ದೆ. ಲೈಟಿನ ವೈರಿನಿಂದ ದೂರ ಹಾಸಿ ಜೋಡಿಸಿದಾಗ ಗುಂಯ್ ಪೂರಾ ಹೋಗಲಿಲ್ಲ. ಆದರೆ ತಂಬೂರಿಯ ಕೆಳಗೆ ಅಡಗಿತು. ತಾಯಿ ಹಾಡಿದರು.

ಯಾಕೆ ಅಡಗಿತು? ಎಳೆಗಳು ನೇರ ಮಲಗಿದ್ದರೆ ಲೈಟಿನ ಪಕ್ಕದ ಎಳೆಗೆ ಗುಂಯ್ ಹೆಚ್ಚು, ಆಚೆಯದಕ್ಕೆ ಕಡಿಮೆ. ಹೊಸೆದರೆ ಗೇಣು ಗೇಣಿಗೆ ಅವು ಜಾಗ ಬದಲಿಸುತ್ತವೆ, ಎರಡಕ್ಕೂ ಸಮಪಾಲು. ಬ್ಯಾಲೆನ್ಸ್ಡ್ ಇನ್‌ಪುಟ್ ಇರುವ ಮಿಕ್ಸರು ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಸಮ ಇದ್ದದ್ದು ಅಲ್ಲೇ ಕಳೆದುಹೋಗುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಹೀಗೆ ವೈರು ಹೊಸೆಯುವುದಕ್ಕೆ ಪೇಟೆಂಟ್ ಪಡೆದಿದ್ದ. ಮೈಕಿನಿಂದ ಬರುವುದು ಬರೀ ಮಿಲಿವೋಲ್ಟ್ ಲೆಕ್ಕದ ದನಿ. ಅದನ್ನು ಸಾವಿರ ಪಟ್ಟು ಹಿಗ್ಗಿಸುವವರು ನಾವು. ಜೊತೆಗೆ ಬಂದ ಗುಂಯ್ ಕೂಡ ಅಷ್ಟೇ ಹಿಗ್ಗುತ್ತದೆ.

ಈಗ ಹೈಫೈ ಮಂದಿಯ ಸ್ಪೀಕರ್ ವೈರು. ಜಡೆ ಹೆಣೆದ ವೈರಿಗೆ ಸಾವಿರಗಟ್ಟಲೆ ಕೊಡಬೇಡಿ, ಕೈಮುಗಿದು ಹೇಳುತ್ತೇನೆ. ಅಲ್ಲಿ ಓಡುವುದು ವೋಲ್ಟುಗಳ ಲೆಕ್ಕದ ದನಿ, ಆಮೇಲೆ ಅದನ್ನು ಯಾರೂ ಹಿಗ್ಗಿಸುವುದಿಲ್ಲ. ಹೊಸೆದದ್ದಕ್ಕೂ ಹೊಸೆಯದ್ದಕ್ಕೂ ಮನೆಯೊಳಗಿನ ಉದ್ದದಲ್ಲಿ ಕಿವಿಗೆ ಸಿಗುವ ಫರಕು ಇಲ್ಲ. ನೋಡಬೇಕಾದ್ದು ದಪ್ಪ. 20 ಮೀಟರ್ ದೂರಕ್ಕೆ ನಾವು 1.5 ಎಂಎಂ ಅನ್ನುವ, ಅಂದರೆ 1.5 ಚದರ ಮಿಲಿಮೀಟರಿನ, ತಾಮ್ರದ ವೈರು ಎಳೆದರೆ, ಹೋಗಿಬರುವ ದಾರಿಯಲ್ಲಿ ಕರೆಂಟಿಗೆ ಅರ್ಧ ಓಮ್ ಹತ್ತಿರ ತಡೆ. 4 ಓಮಿನ ಸ್ಪೀಕರಿಗೆ ಅದು ಸಣ್ಣದಲ್ಲ. ಹೊಸೆಯುವ ಶ್ರಮವೆಲ್ಲ ಮೈಕಿನ ಕಡೆಗೇ ಇರಲಿ, ಮತ್ತೆ ಅದನ್ನೇ ಹೇಳುತ್ತಿದ್ದೇನೆ.

ವೇಳೆ ಆಯ್ತು ಅಂತ ಚೀಟಿ ಬಂದಿದೆ. ಅರ್ಥಿಂಗಿನ ವಿಷಯ ಉಳಿಯಿತು. ಇದೊಂದು ಮಾತ್ರ ಕೇಳಿ: ಕೇಬಲ್ಲನ್ನು ಮೊಣಕೈಗೆ ಬಿಗಿದು ಸುತ್ತಬೇಡಿ. ಅದೂ ತಿರುಚುವುದೇ, ಆದರೆ ಒಳಗಿನ ಎಳೆ ಮುರಿಯುವ ತಿರುಚು. ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ, ಸಡಿಲವಾಗಿ.

ಡ್ರಿಲ್ ತಂದಿದ್ದೇನೆ, ವೈರೂ ಇದೆ. ಇಬ್ಬರು ಹುಡುಗರು ಮುಂದೆ ಬನ್ನಿ, ತುದಿ ಹಿಡಿಯಿರಿ.