ಬೀಗದ ಕೈ ಯಾರ ಹತ್ತಿರ?

ಕೇಳುಗರಿಗೆ ನಮಸ್ಕಾರ.

ಈ ಮಾತನ್ನು ನೀವು ಮಾಮೂಲಿ ಟ್ರಾನ್ಸಿಸ್ಟರಿನಲ್ಲಿ ಕೇಳುತ್ತಿದ್ದರೆ, ಕೇಳುತ್ತಿರುವುದು ನೀವು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೇಜಾರಾಗಿ ನಡುವೆಯೇ ಸ್ಟೇಷನ್ ತಿರುಗಿಸಿದರೂ ಆ ಪೆಟ್ಟಿಗೆ ಚಾಡಿ ಹೇಳುವುದಿಲ್ಲ. ಹಾಡು ಕಂಪ್ಯೂಟರಿನೊಳಗೆ ಹೋದ ಮೇಲೆ ಈ ನೆಮ್ಮದಿ ಹೋಯಿತು.

2005ರಲ್ಲಿ ನಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ಸೋನಿ ಬಿಎಂಜಿ ಕಂಪನಿಯ 50ಕ್ಕೂ ಹೆಚ್ಚು ಆಲ್ಬಮ್‌ಗಳ ಸಿ.ಡಿ.ಗಳಲ್ಲಿ ಹಾಡಿನ ಜೊತೆ ಇನ್ನೊಂದು ಸರಕೂ ಇತ್ತು. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರೆ ಪರದೆ ಮೇಲೆ ಉದ್ದದ ಕರಾರುಪತ್ರ ಬರುತ್ತಿತ್ತು. ಹಾಡು ಕೇಳುವ ಆಸೆಯಲ್ಲಿ ಅದನ್ನೆಲ್ಲ ಯಾರು ಓದುತ್ತಾರೆ? ಒಪ್ಪಿಗೆ ಅಂತ ಒತ್ತಿದ ಕೂಡಲೇ ಒಂದು ಪ್ರೋಗ್ರಾಂ ವಿಂಡೋಸ್‌ನ ಬುಡಕ್ಕೆ ಹೋಗಿ ಕೂರುತ್ತಿತ್ತು. ಹಾಡನ್ನು ಜಾಸ್ತಿ ಪ್ರತಿ ಮಾಡದ ಹಾಗೆ ತಡೆಯುವುದು ಅದರ ಕೆಲಸ. ಸುಮ್ನೆ ಕೂರಲೂ ಇಲ್ಲ, ಅವಿತು ಕೂತಿತು. ಡಾಲರ್ ಗುರುತು, ಎಸ್ ವೈ ಎಸ್, ಮತ್ತೆ ಡಾಲರ್ ಗುರುತು. ಹೀಗೆ ಶುರುವಾಗುವ ಹೆಸರು ಯಾವ ಫೈಲಿಗಿದ್ದರೂ ಅದು ಕಣ್ಣಿಗೆ ಕಾಣದ ಹಾಗೆ ಮಾಡುತ್ತಿತ್ತು. ಹೀಗೆ ಬುಡದಲ್ಲಿ ಅವಿತು ಕೂರುವ ಪ್ರೋಗ್ರಾಮಿಗೆ ರೂಟ್‌ಕಿಟ್ ಅನ್ನುತ್ತಾರೆ.

ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ತಮ್ಮದೇ ಕಂಪ್ಯೂಟರಿನಲ್ಲಿ ಇದನ್ನು ಕಂಡುಹಿಡಿದು, ಅಕ್ಟೋಬರ್ 31ರಂದು ಬಯಲಿಗೆ ತಂದರು. ಕೈಯಾರೆ ಅಳಿಸಿದರೆ ಅವರ ಸಿ.ಡಿ. ಡ್ರೈವೇ ಕಾಣೆಯಾಯಿತು! ಕೆಲವೇ ದಿನಗಳಲ್ಲಿ ವೈರಸ್ ಬರೆಯುವವರು ತಮ್ಮ ಫೈಲಿಗೂ ಅದೇ ಹೆಸರಿಟ್ಟು ಅದೇ ಮರೆಯಲ್ಲಿ ಅಡಗಿದರು. ಯಾವ ಆಲ್ಬಮ್ ಹಾಕಿದ್ದಾರೆ ಎಂಬ ಸುದ್ದಿಯನ್ನೂ, ಹಾಡು ನುಡಿಸಲು ಆ ಸಿ.ಡಿ.ಯಲ್ಲೇ ಇದ್ದ ಪ್ಲೇಯರ್ ಪ್ರೋಗ್ರಾಂ ಕಂಪನಿಯ ಸರ್ವರಿಗೆ ಮುಟ್ಟಿಸುತ್ತಿತ್ತು.

ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಆಗ ರೇಡಿಯೋದಲ್ಲಿ ಮಾತಾಡಿದರು. ರೂಟ್‌ಕಿಟ್ ಅಂದರೆ ಏನು ಅಂತಲೇ ಹೆಚ್ಚಿನವರಿಗೆ ಗೊತ್ತಿಲ್ಲ, ಹಾಗಿದ್ದ ಮೇಲೆ ಅದರ ಚಿಂತೆ ಅವರಿಗೇಕೆ ಎಂಬುದು ಅವರ ಮಾತಿನ ಅರ್ಥ. ನನಗೆ ಸಿಟ್ಟು ಬರುವುದು ಇಲ್ಲೇ. ಗೊತ್ತಿಲ್ಲದವರ ಮನೆಯ ಹಿತ್ತಿಲ ಬಾಗಿಲು ತೆಗೆದಿಡಬಹುದಾ? ನವೆಂಬರಿನಲ್ಲಿ ಆ ಸಿ.ಡಿ.ಗಳನ್ನು ವಾಪಸ್ ಪಡೆಯಲೇಬೇಕಾಯಿತು.

ಇಲ್ಲಿ ಮೋಸ ಹೋದವರು ಕದ್ದವರಲ್ಲ. ದುಡ್ಡು ಕೊಟ್ಟು ಕೊಂಡವರು. ಅದಕ್ಕೇ ಭದ್ರತೆ ಎಂಬ ಮಾತು ಕಿವಿಗೆ ಬಿದ್ದರೆ ನಾನು ಮೊದಲು ಕೇಳುವುದು, ಯಾರ ಭದ್ರತೆ ಅಂತ. ಹಲವು ಬ್ರೌಸರುಗಳಲ್ಲಿ ವೆಬ್ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವನ್ನೇ ನೋಡಿ. ದಾರಿಯಲ್ಲಿ ಯಾರೂ ಕದ್ದು ಕೇಳಲಾರರು ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವರು ಒಳ್ಳೆಯವರೋ ಕೆಟ್ಟವರೋ, ಅದು ಹೇಳುವುದಿಲ್ಲ.

ಈಗ ಅವಿತುಕೊಳ್ಳುವ ಅಗತ್ಯವೇ ಇಲ್ಲ. ಹಾಡು ಕಂಪನಿಯವರ ಹತ್ತಿರವೇ ಇರುತ್ತದೆ, ನಾವು ಇಂಟರ್ನೆಟ್ಟಿನಲ್ಲಿ ಕೇಳುತ್ತೇವೆ ಅಷ್ಟೇ. ಹಾಡು ಕೇಳಿಸುವ ಸ್ಪಾಟಿಫೈ ಆ್ಯಪಿನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಎಲ್ಲಿ ನಿಲ್ಲಿಸಿದಿರಿ, ಯಾವುದನ್ನು ದಾಟಿಸಿದಿರಿ ಎಂಬುದೂ ದಾಖಲಾಗುತ್ತದೆ. ದುಃಖದಲ್ಲಿ ಮಧ್ಯರಾತ್ರಿ ಒಂದೇ ಹಾಡನ್ನು ಹತ್ತು ಸಲ ಕೇಳುತ್ತೇವೆ, ಅಲ್ವಾ? ಮನೆಯವರಿಗೂ ಹೇಳಿಕೊಳ್ಳದ ಆ ರಾತ್ರಿ ಯಾವುದೋ ಸರ್ವರಿನಲ್ಲಿ ಒಂದು ಸಾಲಾಗಿ ಉಳಿಯುತ್ತದೆ.

ಇಂಟರ್ನೆಟ್ಟಿನಲ್ಲಿ ಹಾಡು ಮಾರುವ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ, ಪ್ರತಿ ಮಾಡದ ಹಾಗೆ ಹಾಡುಗಳಿಗೆ ಹಾಕಿದ್ದ ಬೀಗವನ್ನು 2009ರಲ್ಲಿ ತೆಗೆಯಿತು. ಬೀಗವಿಲ್ಲದ ಫೈಲುಗಳನ್ನು ಮಾರುವವರು ಈಗಲೂ ಇದ್ದಾರೆ. ನಾನು ಅಂಥವನ್ನೇ ಕೊಂಡು ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ರಾತ್ರಿ ಇಂಟರ್ನೆಟ್ ತಂತಿ ಕಿತ್ತು, ದೀಪ ಆರಿಸಿ ಹಾಡು ಹಾಕುತ್ತೇನೆ. ಅವು ಹಾಡುತ್ತವೆ.

ನಮಸ್ಕಾರ.