ಬ್ಯಾಸಿಗಿ ಲೆಕ್ಕಕ್ಕ ಹಾಕಿದ ಹೂವಿನ ತೋಟ

ನಮಸ್ಕಾರ್ರಿ. ಡಿಸೆಂಬರ್‌ನಾಗ ಕಲಬುರಗಿಯ ಯಾವ ಓಣಿಗೆ ಹೋದ್ರೂ ಅಂಗಳ ಛಂದ ಕಾಣ್ತಾವ. ಗುಲಾಬಿ, ಶ್ಯಾವಂತಿ, ಚೆಂಡುಹೂ ಎಲ್ಲಾ ಅರಳಿರ್ತಾವ. ಬ್ಯಾಸಿಗಿ ಸುರುವಿಗಿ ಬರೋ ಶರಣಬಸವೇಶ್ವರ ಜಾತ್ರಿ ಮುಗದು ಒಂದು ತಿಂಗಳಾದ ಮ್ಯಾಲ ಅದೇ ಅಂಗಳಕ್ಕ ಹೋಗ್ರಿ, ಖಾಲಿ ಪಾಟು, ಒಣಗಿದ ಕಡ್ಡಿ. "ಏನ್ ಮಾಡೂದ್ರಿ, ನಮ್ಮ ಊರ ಬಿಸಲೇ ಹಂಗದ" ಅಂತಾರ. ಬಿಸಲು ಹಂಗೇ ಅದ, ಮೇ ತಿಂಗಳದಾಗ 42 ಡಿಗ್ರಿ ದಾಟ್ತದ, ಸಣ್ಣ ಹುಡುಗರಿಗೂ ಗೊತ್ತದ. ಗೊತ್ತಿದ್ದೂ ತೋಟದ ನಕ್ಷಾ ಥಂಡಿ ದಿನದ್ದು ಹಾಕ್ತೀವಿ. ತಪ್ಪು ಆಗೋದು ಅಲ್ಲೇ.

ಮೊದಲ ಜಗಳ ಫರ್ಸಿ ಜೋಡಿ. ಶಹಾಬಾದ್ ಬಾಜೂಕೇ ಅದ, ಕಲ್ಲು ಸೋವಿ ಸಿಗ್ತದ ಅಂತ ಗೇಟಿನಿಂದ ಗ್ವಾಡಿ ತನಕ ಹಾಸಿಬಿಡ್ತೀವಿ. ನಡು ಒಂದು ಫೂಟಿನ ಚೌಕ, ಅದ್ರಾಗ ಪಾಪ ಒಂದು ಗುಲಾಬಿ. ಕಲ್ಲು ಹಗಲೆಲ್ಲಾ ಕಾದು, ಕತ್ತಲಾದ ಮ್ಯಾಲೂ ಬಿಸಿ ಉಗುಳ್ತಿರ್ತದ. ಗಿಡಕ್ಕ ತಂಪು ಅನ್ನೋದೇ ಇಲ್ಲ. ಮನೀ ಮೂಡಲ ಕಡಿ ಮೂರು ಫೂಟು ಅಗಲ ಫರ್ಸಿ ಕಿತ್ತು ತೆಗೀರಿ. ಅಲ್ಲಿ ಮುಂಜಾನಿ ಬಿಸಲು ಬೀಳ್ತದ, ಮಧ್ಯಾಹ್ನ ಮನೀ ನೆಳ್ಳೇ ಕಾಯ್ತದ. ಗುಲಾಬಿ, ದಾಸವಾಳ, ದುಂಡು ಮಲ್ಲಿಗಿ ಅಲ್ಲೇ ಹಚ್ಚ್ರಿ. ಆದ್ರ ಗ್ವಾಡಿಗಿ ಹತ್ತಿಸಿ ಮಡಿ ಮಾಡಬ್ಯಾಡ್ರಿ, ಎರಡು ಫೂಟು ಬಿಡ್ರಿ. ಎರಿ ಮಣ್ಣು ನೀರು ಕುಡದು ಉಬ್ಬತದ, ಬುನಾದಿಗಿ ತ್ರಾಸು. ಪಡುವಲ ಗ್ವಾಡಿಗಿ ಕಾಗದದ ಹೂವಿನ ಬಳ್ಳಿ, ಇಲ್ಲಾ ಕಣಗಿಲ. ಕಣಗಿಲ ಪೂರಾ ವಿಷ, ಕೂಸುಗಳು, ಆಡು ಇರೋ ಮನ್ಯಾಗ ಬ್ಯಾಡ.

ಇನ್ನ ಮಣ್ಣು. ತೊಗರಿಗಿ ಒಗ್ಗಿದ ಎರಿ ಭೂಮಿ ಗುಲಾಬಿಗಿ ಒಗ್ಗಂಗಿಲ್ಲ. ಮಳಿಗಾಲದಾಗ ನೀರು ಹಿಡಕೊಂಡು ಬೇರು ಕೊಳಸ್ತದ, ಬ್ಯಾಸಿಗ್ಯಾಗ ಬಿರುಕು ಬಿಟ್ಟು ಸಣ್ಣ ಬೇರು ಹರೀತದ. ಬರೇ ಒಂದಿಷ್ಟು ಉಸುಕು ಕಲಸಿದ್ರ ಸರಿಹೋಗ್ತದ ಅಂತ ಹೇಳೋರದಾರ. ಹಂಗ ಮಾಡಿದ್ರ ಒಣಗಿದ ಮ್ಯಾಲ ಇಟ್ಟಂಗಿ ಆಗ್ತದ. ನೆಲದ ಮ್ಯಾಲ ಒಂದು ಫೂಟು ಎತ್ತರದ ಮಡಿ ಕಟ್ರಿ. ಎರಡು ಬುಟ್ಟಿ ಎರಿ, ಎರಡು ಬುಟ್ಟಿ ಕೆಂಪು ಮಣ್ಣು, ಎರಡು ಬುಟ್ಟಿ ಪೂರಾ ಕೊಳೆತ ತಿಪ್ಪಿ ಗೊಬ್ಬರ, ಒಂದು ಬುಟ್ಟಿ ದಪ್ಪ ಉಸುಕು, ಗಿಡಕ್ಕ 100 ಗ್ರಾಂ ಬೇವಿನ ಹಿಂಡಿ. ಬೀದರದ ಕೆಂಪು ನೆಲದವರಿಗಿ ಈ ಕಾಟಿಲ್ಲ. ಅವರಿಗಿ ನೀರು ನಿಲ್ಲಂಗಿಲ್ಲ ಅನ್ನೋದೇ ಚಿಂತಿ, ಅವರು ಗೊಬ್ಬರ ಒಂದು ಬುಟ್ಟಿ ಹೆಚ್ಚು ಹಾಕಬೇಕು.

ಗಿಡ ಹಚ್ಚೋದು ಜೂನ್ ಕಡೀಕ, ಎರಡು ಮಳಿ ಆದ ಮ್ಯಾಲ. ಬ್ಯಾಸಿಗಿ ಬರೋದ್ರಾಗ ಬೇರಿಗಿ ಎಂಟು ಒಂಬತ್ತು ತಿಂಗಳು ಸಿಗ್ತಾವ. ನರ್ಸರಿಯಿಂದ ತಂದ ಗಿಡದ ಬುಡದಾಗ ಜಿಗಟು ಮಣ್ಣಿನ ಗಟ್ಟಿ ಉಂಡಿ ಇರ್ತದ. ಅದನ್ನ ಹಂಗೇ ಹೂಳಿದ್ರ ಸುತ್ತಿನ ಮಣ್ಣು ನೆಂದ್ರೂ ಉಂಡಿ ಒಳಗ ಒಣಾನೇ. ಬಕೀಟಿನ ನೀರಾಗ ಅರ್ಧ ತಾಸು ನೆನಸಿ, ಹೊರಗಿನ ಮಣ್ಣು ಬೆರಳಿಲೆ ಸಡಿಲ ಮಾಡಿ ಹಚ್ಚ್ರಿ. ಗುಲಾಬಿಯ ಕಸಿ ಗಂಟು ಮಣ್ಣಿನ ಮ್ಯಾಲೇ ಇರಲಿ. ಅದರ ಕೆಳಗ ಬಂದ ಚಿಗುರು ಕಾಡು ಗುಲಾಬೀದು, ಕಿತ್ತು ಒಗೀರಿ.

ಛಂದದ ಮಾತಿಗಿ ಬರ್ತೀನಿ. ಬ್ಯಾಸಿಗ್ಯಾಗ ಹಗಲು ಅಂಗಳಕ್ಕ ಕಾಲಿಡೋರ್ಯಾರು? ನಾವು ತೋಟ ನೋಡೋದು ದೀಪ ಹಚ್ಚೋ ಹೊತ್ತಿಗಿ. ಆ ಮಬ್ಬಿನ್ಯಾಗ ಕಡುಗೆಂಪು ಕಾಣಂಗೇ ಇಲ್ಲ, ಬಿಳಿ ಹೊಳೀತದ. ಅದಕ್ಕ ಕಟ್ಟಿ ಬಾಜೂಕ ನಂದಿಬಟ್ಟಲು, ಮಲ್ಲಿಗಿ, ಸಂಜಿಮಲ್ಲಿಗಿ ಇರಲಿ. ಹತ್ತು ನಮೂನಿ ಒಂದೊಂದು ಬ್ಯಾಡ. ಒಂದೇ ಜಾತಿ ಐದು ಗಿಡ ಗುಂಪಿಗಿ ಹಚ್ಚ್ರಿ, ಕಣ್ಣು ನಿಲ್ತದ. ಮಲ್ಲಿಗಿ ನವೆಂಬರ್ ಕಡೀಕ ನೆಲದಿಂದ ಒಂದೂವರೆ ಫೂಟಿಗಿ ಸವರಿದ್ರ ಬ್ಯಾಸಿಗಿಗಿ ಮಗ್ಗಿ ತುಂಬ್ತದ.

ದಿನಾ ಒಂದೊಂದು ಚಂಬು ನೀರು ಚಿಮುಕಿಸಿದ್ರ ಬೇರು ಮ್ಯಾಲೇ ಉಳಿದು ಸುಡ್ತಾವ. ಬ್ಯಾಸಿಗ್ಯಾಗ ಮೂರು ದಿನಕ್ಕೊಮ್ಮಿ, ಬೆಳಿಗ್ಗಿ ಏಳರೊಳಗ, ಅರ್ಧ ಫೂಟು ಆಳ ನೆನೆಯೋ ಹಂಗ ಬಿಡ್ರಿ. ಪಾಟಿಗಿ ಮಾತ್ರ ದಿನಾ ಬೇಕು. ಮಡಿ ಮ್ಯಾಲ ಮೂರು ಇಂಚು ತೊಗರಿ ಹೊಟ್ಟು ಹಾಸ್ರಿ, ಕಾಂಡದಿಂದ ಮೂರು ಬೆರಳು ದೂರ. ದನಕ್ಕ ಹಾಕೋದನ್ನ ಗಿಡಕ್ಕ ಹಾಕ್ತೀರೇನು ಅಂತ ಹಿರಿಯರು ಬೈದ್ರ ಒಣಗಿದ ಎಲಿ ಹಾಸ್ರಿ. ಆರ್‌ಓ ಮಷೀನಿನ ಹೊರಗ ಬೀಳೋ ನೀರು ತುಳಸಿಗಿ ಹಾಕಿ ನೀರು ಉಳಿಸಿದ್ವಿ ಅಂತಾರಲ್ಲ, ಆ ನೀರಾಗ ಬೋರಿನ ಉಪ್ಪು ಇನ್ನಷ್ಟು ಗಟ್ಟಿ ಆಗಿರ್ತದ. ಎಲಿ ಅಂಚು ಸುಟ್ಟು, ಪಾಟಿನ ಮ್ಯಾಲ ಬೆಳ್ಳನ್ನ ಪದರು ಕಟ್ತದ. ಅದ್ರಿಂದ ಫರ್ಸಿ ತೊಳೀರಿ.

ಎಳಿ ಎಲಿ ಹಳದಿ, ನರ ಮಾತ್ರ ಹಸರು ಇದ್ರ ಯೂರಿಯಾ ಹಾಕಬ್ಯಾಡ್ರಿ. ಮಣ್ಣಿನ ಸುಣ್ಣ ಕಬ್ಬಿಣ ಹಿಡದಿಟ್ಟದ, ಗಿಡಕ್ಕ ಸಿಗ್ತಿಲ್ಲ. ಅನ್ನಭೇದಿ, ಅಂದ್ರ ಫೆರಸ್ ಸಲ್ಫೇಟ್, ಲೀಟರಿಗಿ 5 ಗ್ರಾಂ, ಅರ್ಧ ನಿಂಬಿಹಣ್ಣಿನ ರಸ ಹಿಂಡಿ ಸಂಜಿಗಿ ಎಲಿಗಿ ಹೊಡೀರಿ. ಹತ್ತು ದಿನಕ್ಕ ಮತ್ತೊಮ್ಮಿ. ಮಣ್ಣಿಗಿ ಹಾಕೋದಾದ್ರ ಚೀಲೇಟ್ ಕಬ್ಬಿಣ, ಅಂದ್ರ ಸುಣ್ಣದ ಕೈಗಿ ಸಿಗದಂಗ ಕಟ್ಟಿಟ್ಟ ಕಬ್ಬಿಣ ಬೇಕು. ಅದ್ರಾಗ ಇಡಿಡಿಎಚ್‌ಎ ನಮೂನಿ ಕೇಳ್ರಿ, ಇಡಿಟಿಎ ನಮೂನಿ ನಮ್ಮ ಸುಣ್ಣದ ನೆಲದಾಗ ನಡೆಯಂಗಿಲ್ಲ.

ಶ್ಯಾವಂತಿ ಸೊಂಪಾಗಿ ಬೆಳದದ, ಮಗ್ಗಿ ಇಲ್ಲ ಅನ್ನೋದು ಇನ್ನೊಂದು ದೂರು. ಗೊಬ್ಬರದ ಮ್ಯಾಲ ಗೊಬ್ಬರ ಸುರೀತಾರ. ಶ್ಯಾವಂತಿಗಿ ಮಗ್ಗಿ ಕಟ್ಟಾಕ ಉದ್ದನ್ನ ಕತ್ತಲ ರಾತ್ರಿ ಬೇಕು. ನಾವು ಕಳ್ಳರ ಅಂಜಿಕಿಗಿ ಕಂಪೌಂಡಿನ ಎಲ್‌ಇಡಿ ರಾತ್ರಿಯೆಲ್ಲಾ ಉರಸ್ತೀವಿ. ಸೆಪ್ಟೆಂಬರ್ ಬಂತಂದ್ರ ಆ ಪಾಟು ಎತ್ತಿ ಬೆಳಕು ಬೀಳದ ಹಿತ್ತಲಕ್ಕ ಇಡ್ರಿ, ಹಗಲು ಅಲ್ಲಿ ಬಿಸಲಿರಬೇಕು ಅಷ್ಟ.